ಯಾರಂತೆ?

ಆಗಸ್ಟ್ 14, 2025, ಗುರುವಾರ
ಲೀಡ್ಸ್, ಇಂಗ್ಲೆಂಡ್

ಇವತ್ತೂ ಒಬ್ಬ ಕೇಳಿದ. ಈ ಸಲ ರಿಯಾದ್‌ನ ಹುಡುಗ. "ನೀನು ಇಂಡಿಯಾದವಳು. ನಿಮಗೆಲ್ಲ ಇಂಗ್ಲಿಷ್ ಬರುತ್ತಲ್ಲ, ಈ ಕ್ಲಾಸಿನಲ್ಲಿ ನಿನಗೇನು ಕೆಲಸ?"

ಹದಿನಾಲ್ಕು ಜನರಲ್ಲಿ ನಾನೊಬ್ಬಳೇ ಭಾರತದವಳು. ನಾಲ್ಕು ವಾರದಿಂದ ಇದೇ ಪ್ರಶ್ನೆ. ಫೋನಿನಲ್ಲಿ ಅಮ್ಮನದೂ ಅದೇ: "ಕಾಲೇಜೆಲ್ಲ ಇಂಗ್ಲಿಷಿನಲ್ಲೇ ಓದಿದ್ಯಲ್ಲೇ. ಮತ್ತೆ ಎಬಿಸಿಡಿ ಕಲಿಯೋಕೆ ಅಷ್ಟು ದೂರ ಹೋಗಬೇಕಿತ್ತಾ?"

ಉತ್ತರ 5.5. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 6.5 ಬಂತು, ಬರವಣಿಗೆಯಲ್ಲಿ ಮಾತ್ರ 5.5. ಬೇಕಿದ್ದದ್ದು 6. ಆ ಅರ್ಧ ಅಂಕಕ್ಕೆ ಎಂಎಸ್ಸಿಗೆ ಮುಂಚೆ ಆರು ವಾರದ ಪ್ರಿ-ಸೆಷನಲ್ ಇಂಗ್ಲಿಷ್ ಕೋರ್ಸ್. ತಿಪಟೂರಿನಲ್ಲಿ ಹತ್ತನೇ ಕ್ಲಾಸಿನವರೆಗೆ ನಂದು ಕನ್ನಡ ಮೀಡಿಯಂ. ಆಮೇಲೆ ಓದಿದ್ದು ಇಂಗ್ಲಿಷ್‌ನಲ್ಲೇ, ನಿಜ. ಆದರೆ ಬರೆದದ್ದೆಲ್ಲ ಗೈಡಿನಲ್ಲಿದ್ದದ್ದೇ ಅಲ್ವಾ.

ಮಾತಿನ ಕಥೆ ಬೇರೆ. "ಎಗ್" ನನ್ನ ಬಾಯಲ್ಲಿ "ಯೆಗ್" ಆಗುತ್ತದಂತೆ. ಇಪ್ಪತ್ಮೂರು ವರ್ಷ ಯಾರೂ ಹೇಳಿರಲಿಲ್ಲ, ಯಾಕೆಂದರೆ ಹೇಳಬೇಕಾದವರೂ ಯೆಗ್ಗೇ ಅನ್ನುತ್ತಿದ್ದರು. ರಿಯಾದ್‌ನವನಿಗೆ ಪಾರ್ಕಿಂಗ್ ಅನ್ನೋದು ಬಾರ್ಕಿಂಗ್ ಆಗುತ್ತದೆ. ಅರಬ್ಬಿಯಲ್ಲಿ ಪಕಾರವೇ ಇಲ್ಲ. ಟೀಚರನ್ನು ಇಲ್ಲಿ ಹೆಸರು ಹಿಡಿದೇ ಕರೆಯಬೇಕು. ಅದೊಂದು ನನ್ನಿಂದ ಆಗುವುದಿಲ್ಲ. "ಎಕ್ಸ್‌ಕ್ಯೂಸ್ ಮಿ" ಅಂತಲೇ ತಿಂಗಳು ತಳ್ಳಿದ್ದೇನೆ.

ಮಂಗಳವಾರ ನಮ್ಮನ್ನೆಲ್ಲ ಕ್ಯಾಂಪಸ್‌ನಲ್ಲೇ ಇರುವ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಕಂಪನಿಯ ಹಳೆ ದಾಖಲೆಗಳ ಆರ್ಕೈವ್‌ಗೆ ಕರೆದುಕೊಂಡು ಹೋದರು. ಬೆಂಗಳೂರಿನ ಮಾಲ್‌ನಲ್ಲಿ ನಾನು ಬೆಲೆ ನೋಡಿ ಸುಮ್ನೆ ಹೊರಗೆ ಬಂದ ಅಂಗಡಿ ಅದು! ಅದರ ಬೇರು ಇದೇ ಊರಿನ ಕರ್ಕ್‌ಗೇಟ್ ಮಾರ್ಕೆಟ್‌ನಲ್ಲಿದೆ. 1884ರಲ್ಲಿ ಮೈಕೆಲ್ ಮಾರ್ಕ್ಸ್ ಅನ್ನುವ ಯಹೂದಿ ವಲಸೆಗಾರ ಅಲ್ಲಿ ಅಂಗಡಿ ಹಾಕಿದರು. ಈಗಿನ ಬೆಲಾರುಸ್‌ನ ಸ್ಲೋನಿಮ್ ಕಡೆಯವರು. ಇಂಗ್ಲಿಷ್ ಅಷ್ಟಕ್ಕಷ್ಟೇ. ಬೋರ್ಡಿನಲ್ಲಿ ಬರೆಸಿದ್ದು: ಬೆಲೆ ಕೇಳಬೇಡಿ, ಒಂದು ಪೆನ್ನಿ. ನಮ್ಮ ಜಾತ್ರೆಯಲ್ಲಿ "ಯಾವುದು ತಗೊಂಡ್ರೂ ಹತ್ತು ರೂಪಾಯಿ" ಅಂತ ಕೂಗುತ್ತಾರಲ್ಲ, ಹಾಗೆ. ಇವರು ಕೂಗುವ ಕಷ್ಟವನ್ನೂ ಉಳಿಸಿಕೊಂಡರು. ಚೌಕಾಸಿ ಇಲ್ಲದಿದ್ದರೆ ಮಾತೇ ಬೇಡ. ನನಗೆ ಬಹಳ ಹಿಡಿಸಿದರು.

ಇನ್ನೊಂದು ಕಥೆ ಇದೆ. ಲೀಡ್ಸಿಗೆ ಬಂದಾಗ ಅವರಿಗೆ ಗೊತ್ತಿದ್ದದ್ದು "ಬ್ಯಾರನ್ಸ್" ಅನ್ನುವ ಒಂದೇ ಮಾತಂತೆ. ಕೆಲಸ ಸಿಗಬಹುದಾದ ಬಟ್ಟೆ ಕಾರ್ಖಾನೆಯ ಹೆಸರು. ದಾರಿಯಲ್ಲಿ ಸಿಕ್ಕ ಐಸಾಕ್ ಡ್ಯೂಹರ್ಸ್ಟ್ ಅನ್ನುವ ವ್ಯಾಪಾರಿಗೂ ಅದನ್ನೇ ಹೇಳಿದರಂತೆ. ಆ ಪುಣ್ಯಾತ್ಮ ಐದು ಪೌಂಡ್ ಸಾಲ ಕೊಟ್ಟರಂತೆ.

ಇದನ್ನೇ 150 ಪದದಲ್ಲಿ ಬರೆದು ಕೊಟ್ಟಿದ್ದೆ. ಇವತ್ತು ವಾಪಸ್ ಬಂತು. ವ್ಯಾಕರಣಕ್ಕೆ ಒಂದೇ ಒಂದು ಗೆರೆ. ಆದರೆ ಮೂರು ಕಡೆ ಕೆಂಪು ಸುತ್ತು, ಪಕ್ಕದಲ್ಲಿ ಒಂದೇ ಪ್ರಶ್ನೆ: ಇದನ್ನು ಹೇಳಿದ್ದು ಯಾರು?

"ಎಲ್ಲರೂ ಹೇಳ್ತಾರೆ" ಅಂದೆ. "ಎಲ್ಲರೂ ಅನ್ನುವವರು ಯಾವ ವರ್ಷ, ಯಾವ ಪುಟದಲ್ಲಿ ಬರೆದಿದ್ದಾರೆ?" ಅಂದರು ಟೀಚರ್, ನಗುತ್ತಲೇ.

ಬಸ್‌ಸ್ಟಾಪಿನಲ್ಲಿ ನಿಂತಾಗ ಹೊಳೆಯಿತು. ಮೇಲಿನ ಕಥೆಯನ್ನು ಕನ್ನಡದಲ್ಲಿ ಬರೆಯುವಾಗ ಮೂರು ಸಲ "ಅಂತೆ" ಹಾಕಿದ್ದೇನೆ, ಯೋಚನೆಯೇ ಮಾಡದೆ. ನಾನು ಕಂಡದ್ದಲ್ಲ, ಕೇಳಿದ್ದು ಅಂತ ಆ ಪುಟ್ಟ ಬಾಲವೇ ಹೇಳಿಬಿಡುತ್ತದೆ. ಅಜ್ಜಿ ಪಕ್ಕದ ಮನೆ ಸುದ್ದಿಯನ್ನೂ ಅಂತೆ ಇಲ್ಲದೆ ಹೇಳಿದವಳಲ್ಲ. ಇಂಗ್ಲಿಷಿಗೆ ಹೋಗುವಾಗ ಬಾಲ ಉದುರಿಹೋಗಿದೆ. ಐದು ಪೌಂಡ್ ಕೈ ಬದಲಾಗುವಾಗ ನಾನೇ ಪಕ್ಕದಲ್ಲಿ ನಿಂತು ನೋಡಿದ ಹಾಗೆ ಬರೆದಿದ್ದೇನೆ!

ರಿಯಾದ್‌ನವನಿಗೆ ಹೇಳಿದೆ. ಅವನಿಗೆ ನನಗಿಂತ ಜಾಸ್ತಿ ಖುಷಿ. ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ಮಾತು-ನಡೆಗಳನ್ನು, ಹೇಳುವಾಗ ಯಾರಿಂದ ಯಾರು ಕೇಳಿದರು ಅಂತ ಹೆಸರುಗಳನ್ನು ಸಾಲಾಗಿ ಹೇಳಬೇಕು, ಸಾಲಿನಲ್ಲಿ ಒಂದು ಕೊಂಡಿ ತಪ್ಪಿದರೂ ವಿದ್ವಾಂಸರು ಅನುಮಾನ ಪಡುತ್ತಾರೆ ಅಂದ. ಅವನ ಹಾಳೆಯಲ್ಲಿ ಐದು ಕೆಂಪು ಸುತ್ತು ಇದ್ದವು.

ಈಗ ರಾತ್ರಿ ಒಂಬತ್ತು. ಮತ್ತೆ ಬರೆಯುತ್ತಾ ಕೂತಿದ್ದೇನೆ. ಮೊದಲು "ಇಟ್ ಈಸ್ ಸೆಡ್" ಹಾಕಿದೆ. ಅದು ನಮ್ಮ ಅಂತೆಗೆ ಹತ್ತಿರ, ಆದರೆ ಟೀಚರ್ ಮತ್ತೆ ಯಾರಂತೆ ಅಂತ ಕೇಳುತ್ತಾರೆ. ಹೊಡೆದುಹಾಕಿ ಆರ್ಕೈವ್‌ನ ಹೆಸರು ಬರೆದೆ. ಈಗ 163 ಪದ ಆಗಿದೆ. ಡ್ಯೂಹರ್ಸ್ಟ್ ಸಾಲ ಕೊಟ್ಟ ವಾಕ್ಯ ತೆಗೆದರೆ ಸರಿಹೋಗುತ್ತದೆ. ತೆಗೆಯಲು ಮನಸ್ಸಿಲ್ಲ.