ಡಿಸೆಂಬರಿನ ನ್ಯೂಪೋರ್ಟ್‌ನಲ್ಲಿ ಆರ್‌ವಿ ವಾಸ

ಡಿಸೆಂಬರಿನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಕರಾವಳಿಯಲ್ಲಿ ಇರಬೇಕು ಅಂದರೆ ಮೊದಲು ಉಬ್ಬರ-ಇಳಿತದ ಪಟ್ಟಿ ನೋಡಬೇಕು. ಆಮೇಲೆ ಗಾಳಿ ಯಾವ ಕಡೆಯಿಂದ ಅಂತ. ಗಡಿಯಾರ ನೋಡುವುದು ಕೊನೆಗೆ. ಆ ತೀರದ ನ್ಯೂಪೋರ್ಟ್ ಅನ್ನುವ ಊರಿನಲ್ಲಿ ಇದ್ದಷ್ಟು ದಿನ ನಾವು ಉಂಡಿದ್ದು, ಮಲಗಿದ್ದು, ಹೊರಗೆ ಹೋಗಿದ್ದು ಎಲ್ಲ ಕಡಲು ಹೇಳಿದ ಹೊತ್ತಿಗೆ. ಕೆಲವರಿಗೆ ಇದು ಕಿರಿಕಿರಿ ಅನ್ನಿಸಬಹುದು. ನನಗೆ ಅದೇ ಇಷ್ಟವಾಯಿತು.

ನಾವು ಆರ್‌ವಿ, ಅಂದರೆ ಒಲೆ-ಹಾಸಿಗೆ ಎಲ್ಲ ಇರುವ ನಮ್ಮ ಮನೆಗಾಡಿ, ನಿಲ್ಲಿಸಿದ್ದು ಸೌತ್ ಬೀಚ್ ಸ್ಟೇಟ್ ಪಾರ್ಕಿನಲ್ಲಿ. ಊರು ಮುಗಿದ ಮೇಲೆ ಯಾಕ್ವಿನಾ ಕೊಲ್ಲಿಯ ಸೇತುವೆ ದಾಟಿ ದಕ್ಷಿಣಕ್ಕೆ ಹೋಗಬೇಕು. 1936ರಲ್ಲಿ ಕಟ್ಟಿದ ಆ ಕಮಾನಿನ ಸೇತುವೆ ದೂರದಿಂದ ನೋಡಲು ತುಂಬಾ ಚೆಂದ. ಮೇಲೆ ಹೋಗುವಾಗ ಚೆಂದ ನೋಡಲು ಪುರುಸೊತ್ತಿರಲಿಲ್ಲ. ಎತ್ತರದ ಗಾಡಿ, ಹಿಂದೆ ಕಟ್ಟಿಕೊಂಡ ಕಾರು, ಪಕ್ಕದಿಂದ ನುಗ್ಗುವ ಗಾಳಿ. ನಮ್ಮವರು ಸ್ಟೀರಿಂಗ್ ಬಿಗಿಯಾಗಿ ಹಿಡಿದು, "ಆ ಕಡೆ ದಡ ಸಿಗೋವರೆಗೆ ಮಾತಾಡಿಸಬೇಡ" ಅಂದರು.

ಬೇಸಿಗೆಯಲ್ಲಿ ಈ ಪಾರ್ಕಿನಲ್ಲಿ ಜಾಗ ಬೇಕೆಂದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಡಿಸೆಂಬರಿನಲ್ಲಿ ಸಾಲಿಗೆ ಒಂದೋ ಎರಡೋ ಗಾಡಿ. ಹಾಗಾಗಿ ಆರಾಮಾಗಿ ಸುತ್ತಿ ನೋಡಿ ಜಾಗ ಆರಿಸಿದೆವು. ಇಲ್ಲಿ ಚಳಿಗಾಲದ ಬಿರುಗಾಳಿ ಜಾಸ್ತಿ ಬೀಸುವುದು ದಕ್ಷಿಣದಿಂದ. ಆ ಕಡೆ ಪೈನ್ ಮರಗಳು ದಟ್ಟವಾಗಿರಬೇಕು. ಗಾಳಿ ಗಾಡಿಯ ಮೂತಿಗೆ ಹೊಡೆದರೆ ಪರವಾಗಿಲ್ಲ, ಪಕ್ಕೆಗೆ ಹೊಡೆದರೆ ರಾತ್ರಿಯಿಡೀ ತೂಗಾಟ.

ಚಳಿಗಾಲದ ಆರ್‌ವಿ ಅಂದರೆ ಎಲ್ಲರೂ ಚಳಿಯ ಬಗ್ಗೆ ಕೇಳುತ್ತಾರೆ. ನಿಜವಾದ ಕಾಟ ತೇವದ್ದು. ಒರೆಗಾನ್ ತೀರದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಅಪರೂಪ. ಆದರೆ ಹೊರಗೆ ಮಳೆ, ಒಳಗೆ ಇಬ್ಬರ ಉಸಿರು, ಒಲೆ ಮೇಲೆ ಕುದಿಯುವ ಸಾರು. ಒಲೆಯ ಪ್ರೊಪೇನ್ ಗ್ಯಾಸ್ ಉರಿದಾಗ ಅದರಿಂದಲೇ ನೀರಿನ ಆವಿ ಬರುತ್ತದೆ. ಅದೆಲ್ಲ ತಣ್ಣನೆಯ ಗಾಜಿನ ಮೇಲೆ ಹನಿಯಾಗಿ ಕೂರುತ್ತದೆ. ಬೆಳಗ್ಗೆ ಎದ್ದ ತಕ್ಷಣ ನನ್ನ ಮೊದಲ ಕೆಲಸ ಬಟ್ಟೆ ಹಿಡಿದು ಕಿಟಕಿ ಒರೆಸುವುದು, ಎರಡನೆಯದು ಹಾಸಿಗೆ ಎತ್ತಿ ಅಡಿಗೆ ಗಾಳಿಯಾಡಿಸುವುದು. ಇದು ಬಿಟ್ಟರೆ ವಾರದೊಳಗೆ ಬೂಷ್ಟು ಬರುತ್ತದೆ. ಅಡುಗೆ ಮಾಡುವಾಗ ಎಷ್ಟೇ ಚಳಿಯಿದ್ದರೂ ಮೇಲಿನ ಕಿಂಡಿ ಒಂದಿಷ್ಟು ತೆರೆದಿರಬೇಕು. ಶಾಖ ಹೋಗುತ್ತದಲ್ಲ ಅಂತ ಮನಸ್ಸು ಒಪ್ಪುವುದಿಲ್ಲ, ಆದರೂ ತೆರೆಯಬೇಕು.

ಕರೆಂಟಿನ ಲೆಕ್ಕವೂ ಹಾಗೇ. ನಮ್ಮ ಗಾಡಿಯದು 30 ಆಂಪಿಯರ್ ಲೈನು, ಅಂದರೆ ಇಲ್ಲಿನ 120 ವೋಲ್ಟಿನ ಲೆಕ್ಕದಲ್ಲಿ ಹೆಚ್ಚೆಂದರೆ 3,600 ವ್ಯಾಟ್. ಹೀಟರ್ ಒಂದೇ 1,500 ತಿನ್ನುತ್ತದೆ. ಅದರ ಜೊತೆ ಮೈಕ್ರೋವೇವ್, ಮೇಲೆ ನೀರು ಕಾಯಿಸುವ ಕೆಟಲ್ ಅಂದರೆ ಬ್ರೇಕರ್ ಬಿತ್ತು ಅಂತಲೇ. "ರೀ, ಕಾಫಿಗೆ ಇಡ್ತಿದೀನಿ, ಹೀಟರ್ ಆರಿಸಿ" ಅನ್ನುವುದು ನಮ್ಮ ದಿನನಿತ್ಯದ ಮಾತಾಯಿತು. ನಮ್ಮ ಜಾಗದಲ್ಲಿ ನೀರಿನ ನಲ್ಲಿ ಇತ್ತು, ಕೊಳಚೆಗೆ ಪೈಪಿರಲಿಲ್ಲ. ಹಾಗಾಗಿ ಪಾತ್ರೆ ತೊಳೆದ ನೀರೂ ಸ್ನಾನದ ನೀರೂ ಟ್ಯಾಂಕಿನಲ್ಲೇ ಸೇರುತ್ತವೆ. ಅದು ತುಂಬುವ ಮೊದಲು ಗಾಡಿ ಓಡಿಸಿಕೊಂಡು ಹೋಗಿ ಖಾಲಿ ಮಾಡಬೇಕು. ಹೀಗಿರುವಾಗ ಎಷ್ಟು ಕಡಿಮೆ ನೀರಿನಲ್ಲಿ ಕೆಲಸ ಆಗುತ್ತೆ ಅಂತ ಕೈಗೇ ಗೊತ್ತಾಗುತ್ತದೆ.

ಒಂದು ರಾತ್ರಿ ದೊಡ್ಡ ಬಿರುಗಾಳಿ. ಮರಗಳ ಸದ್ದು ಯಾವುದು, ಕಡಲಿನ ಸದ್ದು ಯಾವುದು ಅಂತ ತಿಳಿಯುತ್ತಿರಲಿಲ್ಲ. ಗಾಡಿಯ ಪಕ್ಕಕ್ಕೆ ಬಿಚ್ಚುವ ಬಟ್ಟೆಯ ಚಪ್ಪರ ಸಂಜೆಯೇ ಸುತ್ತಿಟ್ಟಿದ್ದೆವು. ಬೆಳಗ್ಗೆ ಮಳೆ ನಿಂತಾಗ ಪಕ್ಕದ ಟ್ರೈಲರಿನ ವಯಸ್ಸಾದವರು ಬಾಗಿಲು ತಟ್ಟಿದರು. ರಬ್ಬರ್ ಬೂಟು, ಕೈಯಲ್ಲೊಂದು ಸಣ್ಣ ಚೀಲ. "ಅಗೇಟ್ ಹುಡುಕೋಕೆ ಇಂಥ ದಿನ ಮತ್ತೆ ಸಿಗಲ್ಲ, ಬರ್ತೀರಾ?" ಅಂದರು.

ಬೇಸಿಗೆಯ ಪ್ರವಾಸಿಗರಿಗೆ ಸಿಗದೇ ಇರುವುದು ಇದು. ಬೇಸಿಗೆಯಲ್ಲಿ ತೀರದ ತುಂಬಾ ಮರಳು. ಚಳಿಗಾಲದ ಅಲೆಗಳು ಆ ಮರಳನ್ನು ಕೊರೆದು ಕಡಲೊಳಕ್ಕೆ ಎಳೆದೊಯ್ಯುತ್ತವೆ. ಆಗ ಅಡಿಯಲ್ಲಿದ್ದ ಉರುಟು ಕಲ್ಲುಗಳ ಹಾಸು ಮೇಲೆ ಕಾಣುತ್ತದೆ. ಅಗೇಟ್ ಇರುವುದು ಅದರಲ್ಲಿ. ಹಳೆಯ ಲಾವಾ ಬಂಡೆಗಳ ಪೊಳ್ಳುಗಳಲ್ಲಿ ಸಿಲಿಕಾ ತುಂಬಿ ಗಟ್ಟಿಯಾದ ಕಲ್ಲು ಅದು. ಕಾರು ಹತ್ತಿ ಊರಿನ ಉತ್ತರದ ತೀರಕ್ಕೆ ಹೋದೆವು. ಅವರು ಒಂದು ಉಪಾಯ ಹೇಳಿಕೊಟ್ಟರು: ಸೂರ್ಯನ ಕಡೆ ಮುಖ ಮಾಡಿ ನಡೆಯಬೇಕು. ಡಿಸೆಂಬರಿನ ಸೂರ್ಯ ದಕ್ಷಿಣದಲ್ಲಿ, ತುಂಬಾ ಕೆಳಗೆ. ಬೇರೆ ಕಲ್ಲುಗಳೆಲ್ಲ ಒದ್ದೆಯಾಗಿ ಮೇಲೆ ಮಿನುಗುತ್ತವೆ, ಅಗೇಟ್ ಮಾತ್ರ ಒಳಗಿನಿಂದ ಬೆಳಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕಪ್ಪು ಕಲ್ಲುಗಳ ನಡುವೆ ಬೆಲ್ಲದ ಚೂರಿನ ಹಾಗೆ ಒಂದು ಕಂಡಿತು. ಎತ್ತಿ ಬೆಳಕಿಗೆ ಹಿಡಿದರೆ ಒಳಗೆ ತೆಳ್ಳನೆಯ ಪಟ್ಟೆಗಳು, ಒಂದರೊಳಗೊಂದು. ಅಷ್ಟು ಖುಷಿ ನನಗೆ ಯಾವ ಅಂಗಡಿಯಲ್ಲಿ ಕೊಂಡ ಹರಳಿನಿಂದಲೂ ಆಗಿಲ್ಲ.

ಆದರೆ ಇಲ್ಲಿ ಕಲ್ಲು ಹುಡುಕಲು ಒಬ್ಬರೇ ಹೋಗಬಾರದು. ಶಾಂತವಾಗಿ ಬರುತ್ತಿದ್ದ ಅಲೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ದೊಡ್ಡದು ಬಂದು ತೀರದ ಮೇಲಿನವರೆಗೆ ನುಗ್ಗುತ್ತದೆ. ತೀರದಲ್ಲಿ ಬಿದ್ದಿರುವ ಭಾರೀ ಮರದ ದಿಮ್ಮಿಗಳನ್ನು ಸ್ವಲ್ಪ ನೀರೇ ಉರುಳಿಸಿಬಿಡುತ್ತದೆ, ಅಡಿಗೆ ಸಿಕ್ಕವರು ಸತ್ತಿದ್ದಾರೆ. ಕಲ್ಲಿಗೆ ಬಗ್ಗಿದವರ ಕಣ್ಣು ಕಡಲ ಮೇಲೆ ಇರುವುದಿಲ್ಲ, ಅಲ್ವಾ? ಅದಕ್ಕೆ ಒಬ್ಬರು ಬಗ್ಗಿದಾಗ ಇನ್ನೊಬ್ಬರು ನಿಂತು ಅಲೆ ನೋಡುವುದು. ನೀರು ಏರುವ ಹೊತ್ತಾದರೆ ಕಲ್ಲು ಕಣ್ಣೆದುರಿಗೇ ಇದ್ದರೂ ಬಿಟ್ಟು ಬರುವುದು. ಚಳಿಗಾಲದಲ್ಲಿ ಇಲ್ಲಿ ನೀರು ತೀರಾ ಕೆಳಗಿಳಿಯುವುದು ಕತ್ತಲಾದ ಮೇಲೆ. ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಹಗಲಿನಲ್ಲಿ ಸಿಗುವ ಇಳಿತವನ್ನೇ ಕಾದು ಹಿಡಿಯಬೇಕು.

ಅಷ್ಟು ದೂರ ನಡೆದರೂ ಎಲ್ಲೂ ಬೇಲಿ ಅಡ್ಡ ಬರಲಿಲ್ಲ. 1913ರಲ್ಲಿ ಒರೆಗಾನ್ ಸರ್ಕಾರ ಒದ್ದೆ ಮರಳಿನ ಪಟ್ಟಿಯನ್ನು ಸಾರ್ವಜನಿಕ ಹೆದ್ದಾರಿ ಅಂತ ಘೋಷಿಸಿತ್ತು. 1967ರ ಕಾನೂನು ಗಿಡಗಳ ಸಾಲಿನವರೆಗಿನ ಒಣ ಮರಳಿನ ಮೇಲೂ ಜನರಿಗೆ ಹಕ್ಕು ಕೊಟ್ಟಿತು. ಎಷ್ಟೇ ದೊಡ್ಡ ಹೋಟೆಲ್ ಇದ್ದರೂ ಅದರ ಮುಂದಿನ ತೀರ ಎಲ್ಲರದು. ಎಂಥ ಒಳ್ಳೆಯ ಕಾನೂನು!

ಮಧ್ಯಾಹ್ನ ಬೇಫ್ರಂಟ್ ಬೀದಿಗೆ ಹೋದೆವು. ಅರ್ಧ ಅಂಗಡಿಗಳಿಗೆ ಬೀಗ. ದೋಣಿಕಟ್ಟೆಯ ಅಡಿಯಲ್ಲಿ ಸೀ ಲಯನ್ ಅನ್ನುವ ಕಡಲ ಪ್ರಾಣಿಗಳು ಒಂದರ ಮೇಲೊಂದು ಬಿದ್ದುಕೊಂಡು ಬೊಗಳುತ್ತಿದ್ದವು. ಎದುರಿಗೆ ಏಡಿ ಹಿಡಿಯುವ ದುಂಡನೆಯ ಬುಟ್ಟಿಗಳ ರಾಶಿ. ಡಂಜನೆಸ್ ಏಡಿಯ ಕಾಲ ಡಿಸೆಂಬರ್ 1ಕ್ಕೆ ಶುರುವಾಗಬೇಕು. ಚಿಪ್ಪಿನೊಳಗೆ ಮಾಂಸ ಸಾಕಷ್ಟು ತುಂಬಿರದಿದ್ದರೆ ಮುಂದಕ್ಕೆ ಹಾಕುತ್ತಾರೆ. ಆ ವರ್ಷ ಹಾಗೇ ಆಗಿತ್ತು. ಕಾಫಿ ಕೊಟ್ಟ ಹೆಂಗಸಿನ ಗಂಡ ದೋಣಿಯವನಂತೆ. "ಬುಟ್ಟಿ ರೆಡಿ, ದೋಣಿ ರೆಡಿ, ಏಡಿ ಒಂದು ರೆಡಿಯಿಲ್ಲ" ಅಂದಳು. ಹಬ್ಬ ಎದುರಿಗಿತ್ತು, ದುಡಿಮೆ ಇನ್ನೂ ಶುರುವಾಗಿರಲಿಲ್ಲ. ಬೇಸಿಗೆಯಲ್ಲಾಗಿದ್ದರೆ ಅವಳಿಗೆ ನಮ್ಮ ಹತ್ತಿರ ಕೂತು ಮಾತಾಡಲು ಹೊತ್ತೆಲ್ಲಿ ಸಿಗುತ್ತಿತ್ತು? ಊರು ಯಾರದ್ದು, ಹೇಗೆ ಬದುಕುತ್ತದೆ ಅಂತ ಗೊತ್ತಾಗಿದ್ದು ಹೀಗೆ ಸುಮ್ನೆ ಕೂತಾಗಲೇ.

ಹೊರಡುವ ಮುಂಚೆ ಕಡಲಿಗೆ ಚಾಚಿದ ಯಾಕ್ವಿನಾ ಹೆಡ್ ಅನ್ನುವ ಭೂಶಿರಕ್ಕೆ ಹೋಗಿದ್ದೆವು. 1873ರ ದೀಪಸ್ತಂಭ, 93 ಅಡಿ ಎತ್ತರ. ಅಲಾಸ್ಕಾದ ಕಡಲಿನಿಂದ ಮೆಕ್ಸಿಕೋದ ಬಾಹಾ ಕಡೆಗೆ ಮರಿ ಹಾಕಲು ಹೋಗುವ ಬೂದು ತಿಮಿಂಗಿಲಗಳು ಡಿಸೆಂಬರ್ ಕೊನೆಗೆ ಈ ದಾರಿಯಲ್ಲೇ ಸಾಗುತ್ತವೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ದೂರದಲ್ಲಿ ಬಿಳಿ ಆವಿ ಚಿಮ್ಮಿತು. ಸ್ವಲ್ಪ ದಕ್ಷಿಣಕ್ಕೆ ಮತ್ತೊಂದು. ಮಾರ್ಚ್ ಕೊನೆಗೆ ಅವು ಉತ್ತರಕ್ಕೆ ವಾಪಸಾಗುತ್ತವೆ, ಮರಿ ಇರುವ ತಾಯಂದಿರು ಇನ್ನೂ ತಡವಾಗಿ, ದಡಕ್ಕೆ ಹತ್ತಿರವಾಗಿ ಬರುತ್ತಾರೆ. ಮುಂದಿನ ಸಲ ಏಪ್ರಿಲ್ ಕೊನೆಗೆ ಬಂದು ಮೇವರೆಗೆ ಇದ್ದುಬಿಡೋಣ ಅಂತ ಮಾತಾಗಿದೆ. ಬೇಸಿಗೆಯ ಗದ್ದಲ ಶುರುವಾಗುವ ಮೊದಲು.