ಹದಿಮೂರರಲ್ಲಿ ಒಂಬತ್ತು ಹೋದರೆ

"ಆಂಟಿ, ಇವತ್ತು ಊಟ ಆದ್ಮೇಲೆ ಎಲ್ಲಾ ಕ್ಲಾಸಿನವರನ್ನೂ ಮನೆಗೆ ಕಳಿಸಿದ್ರು. ನಮ್ ಕ್ಲಾಸ್ ಮಾತ್ರ ಉಳಿಸ್ಕೊಂಡ್ರು. ಯಾಕಂದ್ರೆ ಟೀಚರ್‌ಗಳು ಕಲೀಬೇಕಿತ್ತಂತೆ!"

ಟೋಕಿಯೋದ ನಿಶಿ-ಕಸಾಯಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ದಾವಣಗೆರೆ ದಂಪತಿಯ ಮಗನ ದೂರು ಇದು. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. ಅವನ ಬೇಜಾರಿಗೆ ಇನ್ನೊಂದು ಕಾರಣವೂ ಇತ್ತು. ಡೆಸ್ಕಿನ ಕೆಳಗೆ ಬೆರಳು ಮಡಚಿ ಎಣಿಸುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಬೇರೆ ತರಗತಿಯ ಟೀಚರ್ ಒಬ್ಬರು ಅದನ್ನು ನೋಡಿ ಹಾಳೆಯಲ್ಲಿ ಗುರುತು ಹಾಕಿಕೊಂಡರಂತೆ. "ಬೈದ್ರೇನೋ?" ಅಂದರೆ, "ಇಲ್ಲ, ಬರ್ಕೊಂಡ್ರು ಅಷ್ಟೆ." ಬೈದಿದ್ದರೇ ವಾಸಿಯಿತ್ತು ಅನ್ನುವ ಮುಖ.

ನಮ್ಮ ಕಡೆ ತರಗತಿಗೆ ಹೊರಗಿನವರು ಬರುತ್ತಾರೆಂದರೆ ಹಿಂದಿನ ದಿನವೇ ತಾಲೀಮು. ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕು, ಯಾರು ಹಿಂದೆ ಕೂರಬೇಕು, ಯಾವ ಚಾರ್ಟು ಎಲ್ಲಿ ತೂಗಬೇಕು ಎಲ್ಲ ತೀರ್ಮಾನವಾಗಿರುತ್ತದೆ. ಬಂದವರು ಟಿಪ್ಪಣಿ ಬರೆದರೆ ಅದು ಮೇಡಂ ಬಗ್ಗೆ. ಬೆರಳೆಣಿಸುವ ಹುಡುಗ ಆ ಟಿಪ್ಪಣಿಯಲ್ಲಿ ಬರುವುದೇ ಇಲ್ಲ.

ಜಪಾನಿನಲ್ಲಿ ಶಿಕ್ಷಕರು ಹೀಗೆ ಒಬ್ಬರ ಪಾಠವನ್ನು ನೋಡಿ ಕಲಿಯುವುದಕ್ಕೆ ಜುಗ್ಯೋ ಕೆಂಕ್ಯೂ ಅನ್ನುತ್ತಾರೆ. ಜುಗ್ಯೋ ಎಂದರೆ ಪಾಠ, ಕೆಂಕ್ಯೂ ಎಂದರೆ ಸಂಶೋಧನೆ. ಮೇಜಿ ಕಾಲದಿಂದ, ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಿಂದ, ಬೆಳೆದುಬಂದ ಪದ್ಧತಿ. ಹಲವು ದೇಶಗಳ ಮಕ್ಕಳ ಗಣಿತ-ವಿಜ್ಞಾನ ಕಲಿಕೆಯನ್ನು ಹೋಲಿಸುವ ಟಿಮ್ಸ್ ಎಂಬ ಅಧ್ಯಯನದ 1995ರ ಸುತ್ತಿನಲ್ಲಿ ಜಪಾನ್, ಜರ್ಮನಿ, ಅಮೆರಿಕದ ಎಂಟನೇ ತರಗತಿಯ ಗಣಿತ ಪಾಠಗಳನ್ನು ವಿಡಿಯೋ ಮಾಡಿದ ಮೇಲೆ ಹೊರಗಿನವರು ಇದರತ್ತ ತಿರುಗಿ ನೋಡಿದರು. ಕೆಲಸ ಸರಳ. ನಾಲ್ಕೈದು ಶಿಕ್ಷಕರು ಕೂತು ಒಂದೇ ಒಂದು ಪಾಠವನ್ನು ವಾರಗಟ್ಟಲೆ ತಯಾರಿಸುತ್ತಾರೆ, ಒಬ್ಬರು ಅದನ್ನು ನಿಜವಾದ ತರಗತಿಗೆ ಮಾಡುತ್ತಾರೆ, ಉಳಿದ ಶಾಲೆಯೆಲ್ಲ ಗೋಡೆಗೆ ಒರಗಿ ನೋಡುತ್ತದೆ, ಆಮೇಲೆ ಕೂತು ಮಾತಾಡುತ್ತಾರೆ. ನೋಡುವುದಕ್ಕೆ ಶಿಕ್ಷಕರಿಗೆ ಬಿಡುವು ಬೇಕಲ್ಲ, ಅದಕ್ಕೇ ಉಳಿದ ಮಕ್ಕಳು ಬೇಗ ಮನೆಗೆ. ನಮ್ಮ ಹುಡುಗನ ಗ್ರಹಚಾರ ಕೆಟ್ಟಿತ್ತು.

ಅವತ್ತಿನ ಪಾಠ 13 − 9. ನಮ್ಮ ಪಠ್ಯದ ಮಾತಿನಲ್ಲಿ ದಶಕಸಹಿತ ವ್ಯವಕಲನದ, ಅಂದರೆ ಹತ್ತರಿಂದ ಸಾಲ ತಂದು ಕಳೆಯುವುದರ, ಮೊದಲ ಹೆಜ್ಜೆ. ತಯಾರಿ ಶುರುವಾಗುವುದು ಸಂಖ್ಯೆಯ ಆಯ್ಕೆಯಿಂದ. ಯಾಕೆ 13 − 9? 12 − 3 ಯಾಕಲ್ಲ? 12 − 3 ಕೊಟ್ಟರೆ ಮಗು ಹನ್ನೊಂದು, ಹತ್ತು, ಒಂಬತ್ತು ಎಂದು ಮೂರು ಹೆಜ್ಜೆ ಹಿಂದಕ್ಕೆ ಬಂದು ಮುಗಿಸುತ್ತದೆ. ಹತ್ತರ ಸಹವಾಸವೇ ಬೇಕಾಗುವುದಿಲ್ಲ. ಒಂಬತ್ತು ಹೆಜ್ಜೆ ಹಿಂದಕ್ಕೆ ಬರುವುದು ಬೇಸರದ ಕೆಲಸ, ತಪ್ಪುವುದೂ ಸುಲಭ. ಆಗ "ಹತ್ತರಲ್ಲೇ ಒಂಬತ್ತು ತೆಗೆದರೆ ಒಂದೇ ಉಳಿಯುತ್ತಲ್ಲ" ಅನ್ನುವುದು ಮಗುವಿಗೇ ಹೊಳೆಯುತ್ತದೆ. ಆಮೇಲೆ 8, 7 ಕಳೆಯುವುದು. 12 − 3ರ ಸರದಿ ಕೊನೆಗೆ, ಇನ್ನೊಂದು ದಾರಿಯನ್ನು ತೋರಿಸಲು.

ಪಾಠದ ಯೋಜನೆಯಲ್ಲಿ "ಮಕ್ಕಳು ಏನು ಹೇಳಬಹುದು" ಎಂಬ ಒಂದು ಅಂಕಣವಿರುತ್ತದೆ. ನನ್ನ ಮಟ್ಟಿಗೆ ಇಡೀ ಕಸರತ್ತಿನ ಜೀವ ಇರುವುದು ಅಲ್ಲಿ. ಈ ಲೆಕ್ಕಕ್ಕೆ ಅದು ಹೀಗಿರುತ್ತದೆ: ಒಂದೊಂದೇ ಹಿಂದಕ್ಕೆ ಎಣಿಸುವ ಮಗು, 9ರಿಂದ ಮುಂದಕ್ಕೆ 10, 11, 12, 13 ಎಂದು ನಾಲ್ಕು ಬೆರಳು ಬಿಚ್ಚುವ ಮಗು, ಮೊದಲು 3 ತೆಗೆದು ಹತ್ತಕ್ಕೆ ಬಂದು, ಇನ್ನೂ 6 ತೆಗೆಯುವ ಮಗು, 10ರಿಂದ 9 ತೆಗೆದು, ಉಳಿದ 1ಕ್ಕೆ 3 ಕೂಡಿಸುವ ಮಗು. ತಪ್ಪುಗಳೂ ಅಲ್ಲೇ ಪಟ್ಟಿಯಾಗುತ್ತವೆ. ಹಿಂದಕ್ಕೆ ಎಣಿಸುವಾಗ 13ರಿಂದಲೇ ಶುರುಮಾಡಿ ಒಂಬತ್ತು ಸಂಖ್ಯೆ ಹೇಳಿದರೆ 5ಕ್ಕೆ ಬಂದು ನಿಲ್ಲುತ್ತಾರೆ, ಉತ್ತರ 5 ಅನ್ನುತ್ತಾರೆ. ಒಂದರ ಕೆಳಗೊಂದು ಬರೆದು ಕಳೆಯುವವರು 3ರಲ್ಲಿ 9 ಹೋಗುವುದಿಲ್ಲವೆಂದು 9ರಲ್ಲೇ 3 ಕಳೆದು 16 ಬರೆಯುತ್ತಾರೆ. ಇದ್ದದ್ದಕ್ಕಿಂತ ಉಳಿದದ್ದೇ ಹೆಚ್ಚು! 5 ಬರೆದವನಿಗೂ 16 ಬರೆದವನಿಗೂ ಬೇಕಾದ ಮದ್ದು ಬೇರೆ ಬೇರೆ. ಮೊದಲನೆಯವನಿಗೆ ಎಲ್ಲಿಂದ ಎಣಿಸಲು ಶುರುಮಾಡಬೇಕೆಂಬುದು ತಿಳಿದರೆ ಸಾಕು, ಎರಡನೆಯವನಿಗೆ 13 ಎಂದರೆ ಹತ್ತು ಮತ್ತು ಮೂರು ಎಂಬುದೇ ಇನ್ನೂ ಕೂತಿಲ್ಲ. ಇಬ್ಬರಿಗೂ "ಪಕ್ಕದ ಮನೆಯಿಂದ ಸಾಲ ತಗೋ" ಎಂದು ಒಂದೇ ಮಂತ್ರ ಹೇಳಿಕೊಟ್ಟರೆ ಇಬ್ಬರಿಗೂ ಸಾಲವೇ ಗತಿ.

ಇಲ್ಲೊಂದು ಮಾತು. ಜಪಾನಿಯಲ್ಲಿ 13ನ್ನು ಜೂ-ಸಾನ್, ಅಂದರೆ "ಹತ್ತು-ಮೂರು" ಎಂದೇ ಕರೆಯುತ್ತಾರೆ, ಅದಕ್ಕೇ ಅವರಿಗೆ ಸುಲಭ ಅನ್ನುವವರಿದ್ದಾರೆ. ನಮ್ಮ ಹದಿಮೂರೂ ಹತ್ತು-ಮೂರೇ ಅಲ್ಲವೆ? ಇನ್ನೂ ಚೆಂದದ್ದು ಒಂಬತ್ತು: ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದಿಂದ ಬಂದ ಪದ ಎನ್ನುತ್ತಾರೆ ಭಾಷೆ ಬಲ್ಲವರು. ಹಳಗನ್ನಡದ "ಪತ್ತು" ಅದರ ಬಾಲದಲ್ಲೇ ಕೂತಿದೆ. ಹತ್ತರಲ್ಲಿ ಒಂಬತ್ತು ಹೋದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಪದವೇ ಹೇಳಿಬಿಟ್ಟಿದೆ. ಈ ಪದಗಳನ್ನು ಬಿಟ್ಟು ಥರ್ಟೀನ್, ನೈನ್ ಎಂದು ಕಲಿಸಲು ನಾವೇ ಅವಸರ ಮಾಡುತ್ತಿದ್ದೇವೆ. ಇಂಗ್ಲಿಷಿನವರ ಥರ್ಟೀನ್‌ನಲ್ಲಿ ಮೂರು ಮುಂದೆ, ಹತ್ತು ಹಿಂದೆ. ಬರೆಯುವಾಗ ಮಾತ್ರ ಉಲ್ಟಾ. ಮಕ್ಕಳು 13ನ್ನು 31 ಎಂದು ಬರೆದರೆ ತಪ್ಪು ಪೂರ್ತಿ ಅವರದಲ್ಲ.

ಪಾಠ 45 ನಿಮಿಷ. ಪ್ರಶ್ನೆ ಅರ್ಥವಾಗಲು ಐದು, ಮಕ್ಕಳು ತಾವೇ ಮಾಡಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಟೀಚರ್ ಸಾಲುಗಳ ನಡುವೆ ಓಡಾಡುವುದು ಉತ್ತರ ತಿದ್ದಲಿಕ್ಕಲ್ಲ. ಕೈಯಲ್ಲಿ ಆಸನಗಳ ನಕ್ಷೆ, ಯಾವ ಮಗು ಯಾವ ದಾರಿ ಹಿಡಿದಿದೆ ಎಂಬ ಗುರುತು. ಅದನ್ನು ನೋಡಿ ಯಾರನ್ನು ಮೊದಲು ಹಲಗೆಗೆ ಕರೆಯಬೇಕೆಂದು ತೀರ್ಮಾನಿಸುತ್ತಾರೆ. ಎಣಿಸಿದವರು ಮೊದಲು, ಹತ್ತನ್ನು ಬಳಸಿದವರು ಕೊನೆಗೆ. ಹೊಸಬರು ಎಡವುವುದು ಇಲ್ಲೇ. ಚುರುಕಾದ ಮಗು ಕೈ ಎತ್ತಿತೆಂದು ಮೊದಲೇ ಕರೆದರೆ ಅದು "10 − 9 = 1, 1 + 3 = 4" ಎಂದು ಅರ್ಧ ನಿಮಿಷದಲ್ಲಿ ಮುಗಿಸುತ್ತದೆ. ಉಳಿದವರು ರಬ್ಬರು ತೆಗೆದುಕೊಂಡು ತಮ್ಮದನ್ನು ಅಳಿಸಿ ಹಲಗೆ ನೋಡಿ ಬರೆದುಕೊಳ್ಳುತ್ತಾರೆ. ಚರ್ಚೆ ಸತ್ತಂತೆ. ಹಲಗೆಯನ್ನೂ ಪಾಠ ಮುಗಿಯುವವರೆಗೆ ಅಳಿಸುವುದಿಲ್ಲ. ಎಡಕ್ಕೆ ಪ್ರಶ್ನೆ, ನಡುವೆ ಮಕ್ಕಳ ದಾರಿಗಳು ಅವರವರ ಹೆಸರಿನೊಂದಿಗೆ, ಬಲಕ್ಕೆ ಕೊನೆಗೆ ಒಪ್ಪಿದ ಮಾತು. ನಿಧಾನವಾಗಿ ಓದುವ ಮಗುವಿಗೂ ಕೊನೆಯಲ್ಲಿ ಇಡೀ ಪಾಠ ಕಣ್ಣೆದುರಿಗೇ ಇರುತ್ತದೆ.

ನೋಡಲು ಬಂದವರಿಗೂ ಕಟ್ಟುಪಾಡಿದೆ. ಮಕ್ಕಳಿಗೆ ಸಹಾಯ ಮಾಡಬಾರದು, ಮಾತಾಡಿಸಬಾರದು. ಎರಡು ಮೂರು ಮಕ್ಕಳನ್ನು ಹಿಡಿದು ಪಾಠದುದ್ದಕ್ಕೂ ಅವರನ್ನೇ ಗಮನಿಸಿದರೆ ಫಲ ಹೆಚ್ಚು. ಆಮೇಲಿನ ಸಭೆಯಲ್ಲಿ ಮೊದಲ ಮಾತು ಪಾಠ ಮಾಡಿದವರದು: ಏನು ಅಂದುಕೊಂಡಿದ್ದೆ, ಎಲ್ಲಿ ಕೈಕೊಟ್ಟಿತು. ನಂತರ ನೋಡಿದವರು. "ಪಾಠ ಚೆನ್ನಾಗಿತ್ತು" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. "ಕಿಟಕಿ ಪಕ್ಕದ ಮಗು ನಾಲ್ಕು ನಿಮಿಷ ಒಂದೊಂದೇ ಬ್ಲಾಕ್ ಎತ್ತಿಟ್ಟಿತು, ಹತ್ತರ ಗುಂಪನ್ನು ಮುಟ್ಟಲಿಲ್ಲ" ಅಂದರೆ ಬರುತ್ತದೆ. ಕೊನೆಗೆ ಹೊರಗಿನಿಂದ ಕರೆಸಿದ ವಿಷಯತಜ್ಞರ ಮಾತು. ಅವರು ಮೊದಲೇ ಮಾತಾಡಿದರೆ ಬೇರೆ ಯಾರೂ ಬಾಯಿ ಬಿಡುವುದಿಲ್ಲ, ಇದು ಎಲ್ಲ ದೇಶದಲ್ಲೂ ಒಂದೇ.

ಇದೆಲ್ಲ ಪುಕ್ಕಟೆ ಬಂದದ್ದಲ್ಲ. ಹಲವು ದೇಶಗಳ ಶಿಕ್ಷಕರನ್ನು ಕೇಳಿ ಮಾಡುವ ಟಾಲಿಸ್ ಸಮೀಕ್ಷೆಯ 2018ರ ಸುತ್ತಿನಲ್ಲಿ ಜಪಾನಿನ ಪ್ರಾಥಮಿಕ ಶಿಕ್ಷಕರು ವಾರಕ್ಕೆ 54.4 ಗಂಟೆ ದುಡಿಯುತ್ತಾರೆಂದು ಬಂತು. ಸಂಜೆ ಏಳಕ್ಕೂ ಇಲ್ಲಿನ ಶಾಲೆಗಳ ಸ್ಟಾಫ್ ರೂಮಿನಲ್ಲಿ ದೀಪ ಉರಿಯುತ್ತಿರುತ್ತದೆ. ಅದನ್ನು ಯಾರೂ ನಮ್ಮೂರಿಗೆ ಆಮದು ಮಾಡುವುದು ಬೇಡ.

ನಮ್ಮಲ್ಲಿ ಬೇರೆ ಕಷ್ಟ. ಎರಡೇ ಶಿಕ್ಷಕರ ಶಾಲೆ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿ ಒಟ್ಟಿಗೆ. ಶಾಲೆಯೊಳಗೇ ನೋಡುವವರನ್ನು ಎಲ್ಲಿಂದ ತರುವುದು? ಆದರೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇದೆಯಲ್ಲ! ಸುತ್ತಲ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇದ್ದಾರೆ, ಸುತ್ತಲ ಶಾಲೆಗಳ ಶಿಕ್ಷಕರು ಸೇರುತ್ತಾರೆ. ಸುತ್ತೋಲೆ ಓದುವುದು, ಅಂಕಿಅಂಶ ತುಂಬುವುದು, ಊಟ. ಅದರಲ್ಲಿ ಎರಡು ಗಂಟೆ ಕದ್ದರೂ ಸಾಕು: ಸಭೆ ನಡೆಯುವ ಶಾಲೆಯ ಮಕ್ಕಳನ್ನೇ ಕೂರಿಸಿಕೊಂಡು 40 ನಿಮಿಷ ಪಾಠ, ಒಂದು ಗಂಟೆ ಮಾತು. ಪಾಠ ಮಾಡುವವರ ಹೆಸರು ವರದಿಯಲ್ಲಿ ಮೌಲ್ಯಮಾಪನವಾಗಿ ಹೋಗಬಾರದು. ಹೋಯಿತೋ, ಮುಂದಿನ ಸಲ ತಾಲೀಮು ಮಾಡಿಸಿದ ಪಾಠವೇ ಸಿಗುತ್ತದೆ.

ಸಾಮಗ್ರಿಗೂ ಬರವಿಲ್ಲ. ಸರ್ಕಾರಿ ಶಾಲೆಗಳ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಲಿಕಾ ಸಾಮಗ್ರಿಯ ಕಿಟ್ ಎಷ್ಟೋ ಶಾಲೆಗಳಿಗೆ ತಲುಪಿದೆ. ತೊಂದರೆ ಬೀರುವಿನ ಬೀಗದ್ದು: ಒಂದು ಮಣಿ ಕಳೆದರೂ ಲೆಕ್ಕ ಕೊಡಬೇಕೆಂಬ ಭಯ. ತೆಗೆದರೂ ಮೇಡಂ ಎತ್ತಿ ತೋರಿಸುತ್ತಾರೆ, ಮಕ್ಕಳು ನೋಡುತ್ತಾರೆ. ಜಪಾನಿನಲ್ಲಿ ಮೊಟ್ಟೆ ಹತ್ತರ ಪ್ಯಾಕಿನಲ್ಲಿ ಸಿಗುತ್ತದೆ, ಐದೈದರ ಎರಡು ಸಾಲು. ಒಂದು ಮೊಟ್ಟೆ ತೆಗೆದರೆ ಒಂಬತ್ತು ಎಣಿಸದೆಯೇ ಕಾಣುತ್ತದೆ. ನಮ್ಮ ಮೊಟ್ಟೆ ಟ್ರೇ ಐದಾರಲ ಮೂವತ್ತು. ಐದೈದರ ಎರಡು ಸಾಲಿಗೆ ಒಂದರಂತೆ ಕತ್ತರಿಸಿದರೆ ಮೂರು ಹತ್ತರ ಚೌಕಟ್ಟು. ಬಿಸಿಯೂಟಕ್ಕೆ ಮೊಟ್ಟೆ ಕೊಡುವ ಶಾಲೆಯಲ್ಲಿ ಟ್ರೇಗೇನು ಕೊರತೆ? ಇಬ್ಬರು ಮಕ್ಕಳಿಗೆ ಎರಡು ಚೌಕಟ್ಟು, 20 ಹುಣಸೆ ಬೀಜ. 13 ಜೋಡಿಸಿ ಅಂದಾಗ ಒಂದು ತುಂಬಿ, ಇನ್ನೊಂದರಲ್ಲಿ ಮೂರು ಬೀಳಬೇಕು. ಬೀಜವನ್ನು ಬರಿಯ ನೆಲದ ಮೇಲೆ ಹರಡಲು ಬಿಟ್ಟರೆ ಹತ್ತು ಕಣ್ಣಿಗೆ ಬೀಳುವುದಿಲ್ಲ, ಮಗು ಮತ್ತೆ ಒಂದರಿಂದಲೇ ಎಣಿಸುತ್ತದೆ. ಚೌಕಟ್ಟು ಇರುವುದೇ ಆ ಎಣಿಕೆ ಬಿಡಿಸಲಿಕ್ಕೆ.

ಎರಡು ದಿನ ಬಿಟ್ಟು ಲಿಫ್ಟಿನಲ್ಲಿ ದಾವಣಗೆರೆ ಹುಡುಗ ಮತ್ತೆ ಸಿಕ್ಕ. ಮುಖ ಅರಳಿತ್ತು. ಮಾರನೆಯ ದಿನದ ಪಾಠಕ್ಕೆ ಟೀಚರ್ ಎಲ್ಲರಿಗೂ ಹತ್ತೂ ಬೆರಳು ಡೆಸ್ಕಿನ ಮೇಲೆ ಇಡಲು ಹೇಳಿದರಂತೆ. ಹಲಗೆಯ ಮೇಲೆ ಮೂರು ಅಯಸ್ಕಾಂತದ ಬಿಲ್ಲೆ. ಒಂಬತ್ತು ಬೆರಳು ಮಡಚಿ ಅಂದರಂತೆ.

"ಒಂದು ಬೆರಳು, ಮೂರು ಬಿಲ್ಲೆ," ಅಂದ. "ಆಂಟಿ, ನಾನು ಡೆಸ್ಕ್ ಕೆಳಗೆ ಮಾಡ್ತಿದ್ದೆನಲ್ಲ, ಅದನ್ನೇ ಎಲ್ರೂ ಮೇಲಿಟ್ಟು ಮಾಡಿದ್ರು."