ಜೆಜೆ ಅಂದರೆ ಮೆಲ್ಲಗೆ

ನಿನ್ನೆ ರಾತ್ರಿಯಿಂದ ಟೆಮ್ಸ್ ಹಾಡನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಿದ್ದೇನೆ. ನೈಜೀರಿಯಾದ ಲಾಗೋಸ್‌ನ ಹುಡುಗಿ. ಎಂಥ ದನಿ ಅಂತೀರಿ! ಸ್ವಲ್ಪ ದಪ್ಪ, ಸ್ವಲ್ಪ ಒರಟು, ಆದರೂ ಕಿವಿ ಹತ್ತಿರ ಕೂತು ಮಾತಾಡಿದ ಹಾಗೆ.

ಆಕೆಯ ‘ಲವ್ ಮಿ ಜೆಜೆ’ 2024ರಲ್ಲಿ ಬಂತು, ಆಮೇಲೆ ಜೂನ್‌ನಲ್ಲಿ ಮೊದಲ ಪೂರ್ಣ ಆಲ್ಬಂ ‘ಬಾರ್ನ್ ಇನ್ ದ ವೈಲ್ಡ್’, ಮರುವರ್ಷ ಈ ಹಾಡಿಗೇ ಗ್ರ್ಯಾಮಿ. ಅದೆಲ್ಲ ಇರಲಿ. ನನ್ನನ್ನು ಹಿಡಿದಿಟ್ಟಿದ್ದು ಆ ‘ಜೆಜೆ’. ನೈಜೀರಿಯಾದ ಕಡೆ ಹಾಗಂದರೆ ಮೆಲ್ಲಗೆ, ಮೃದುವಾಗಿ ಅಂತ. 1997ರಲ್ಲಿ ಸೆಯಿ ಸೊಡಿಮು ಇದೇ ಹೆಸರಲ್ಲಿ ಹಾಡಿದ್ದರು, ಅಲ್ಲಿನ ಒಂದು ತಲೆಮಾರಿಗೆ ಅದು ಬಾಯಿಪಾಠ. ಆ ಹಳೇ ಸಾಲನ್ನೇ ಟೆಮ್ಸ್ ಎತ್ತಿಕೊಂಡು ತನ್ನದಾಗಿ ಮಾಡಿಕೊಂಡಿದ್ದಾಳೆ.

ಪ್ರೀತಿಸು ಅಂತ ಎಲ್ಲರೂ ಕೇಳುತ್ತಾರೆ. ಮೆಲ್ಲಗೆ ಪ್ರೀತಿಸು ಅಂತ ಕೇಳೋದು ಬೇರೆಯೇ ಅಲ್ವಾ? ಪಕ್ಕದಲ್ಲಿ ಸುಮ್ನೆ ಕೂರೋದು, ದನಿ ತಗ್ಗಿಸಿ ಮಾತಾಡೋದು, ಕೈ ಹಿಡಿಯುವಾಗಲೂ ಅವಸರ ಇಲ್ಲದಿರೋದು, ಇಷ್ಟೇ ಬೇಕು ಅಂತ ಬಾಯಿಬಿಟ್ಟು ಹೇಳಕ್ಕೆ ನನಗೆ ಇಷ್ಟು ವರ್ಷ ಪದವೇ ಸಿಕ್ಕಿರಲಿಲ್ಲ.

ಇವತ್ತು ಬೆಳಿಗ್ಗೆ ಇವರಿಗೆ ಹಾಡು ಕಳಿಸಿದೆ. ಇನ್ನೂ ಕೇಳಿಲ್ಲ. ಸಂಜೆ ಇಬ್ಬರೂ ಒಟ್ಟಿಗೇ ಕೇಳುತ್ತೇವೆ.